ವಿದ್ಯಾ ‘ನಾಡಿ’ ಎಂದು ಓದಿದ ವರ್ಷ

ಕಳೆದ ಭಾನುವಾರ ನನ್ನ ಗಂಡ ಬಸವರಾಜ ಮಾರ್ಕೆಟ್ಟಿನಿಂದ ದ್ರಾಕ್ಷಿಯ ಒಂದು ಪೆಟ್ಟಿಗೆ ತಂದರು. ನಾಸಿಕದ ದ್ರಾಕ್ಷಿ, ಸಸ್ತಾ ಸಿಕ್ಕಿತು ಎಂದು ಅವರಿಗೆ ಖುಷಿಯೋ ಖುಷಿ. ಬಿಚ್ಚಿ ನೋಡಿದರೆ ತಳದ ಗೊಂಚಲುಗಳು ಒಡೆದು, ಹಾಸಿದ್ದ ಪೇಪರೆಲ್ಲ ತೊಯ್ದು ಹೋಗಿತ್ತು. ಮಗಳು ಮುಕ್ತಾ ಮೂಗು ಹಿಡಿದುಕೊಂಡು ಹೊರಗೆ ಓಡಿದಳು. ನಾನು ಮಾತ್ರ ಆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತವಳು ಬಹಳ ಹೊತ್ತು ಏಳಲಿಲ್ಲ. ಸಿಹಿ ಹೋಗಿ ಹುಳಿ ಹತ್ತುತ್ತಿರುವ ಆ ವಾಸನೆಯಲ್ಲಿ ನಾನು ನಾಲ್ಕು ತಿಂಗಳು ಹತ್ತಿ ಇಳಿದಿದ್ದೇನೆ.

ಎರಡು ವರ್ಷದ ಹಿಂದೆ ನಾಸಿಕದಲ್ಲಿ ನಮ್ಮ ಆಫೀಸು ಇದ್ದದ್ದು ದ್ರಾಕ್ಷಿ ತುಂಬುವ ಒಂದು ಗೋದಾಮಿನ ಮೇಲಿನ ಮಹಡಿಯಲ್ಲಿ. ಜನವರಿಯಲ್ಲಿ ಮೆಟ್ಟಿಲ ತುಂಬ ಸಿಹಿ ಗಾಳಿ. ಏಪ್ರಿಲ್ ಹೊತ್ತಿಗೆ ನೊಣಗಳ ರಾಜ್ಯ. ಆ ನಾಲ್ಕು ತಿಂಗಳು ನಾನು ಒಬ್ಬಳ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಸ್ವಲ್ಪ ಅಲ್ಲ, ಉಂಡ ಅನ್ನ ಮೈಗೆ ಹತ್ತದಷ್ಟು. ಹೆಂಗಸರು ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲವಂತೆ. ನಾನು ಹೇಳುತ್ತೇನೆ, ಏನೀಗ?

ಅವಳ ಹೆಸರು ವಿದ್ಯಾ. ನನಗಿಂತ ಆರು ವರ್ಷ ಚಿಕ್ಕವಳು. ಅವಳ ಅಜ್ಜ ಉಡುಪಿ ಕಡೆಯಿಂದ ನಾಸಿಕಕ್ಕೆ ಬಂದು ಹೋಟೆಲ್ ಇಟ್ಟವರು. ಈಗ ಅಪ್ಪ ನಡೆಸುತ್ತಾರೆ. ಅವಳ ಟಿಫಿನ್ನಿನಲ್ಲಿ ದಿನಾ ಒಂದೊಂದು ಥರ. ನನ್ನದರಲ್ಲಿ ದಿನಾ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಅದಕ್ಕೂ ಉರಿ ಬಿತ್ತೇ ಎಂದರೆ, ಬಿತ್ತು. ಅವಳೋ ತನ್ನ ನೀರುದೋಸೆಯನ್ನು ನನ್ನ ಡಬ್ಬಿಗೆ ಹಾಕಿ, ನನ್ನ ರೊಟ್ಟಿ ಎತ್ತಿಕೊಂಡು, "ಅಕ್ಕ, ಇದರ ಮುಂದೆ ನಮ್ಮದೆಲ್ಲ ಎಂತದೂ ಇಲ್ಲ" ಎನ್ನುತ್ತಿದ್ದಳು. ಹೊಗಳಿದರೂ ಅವಳ ಮೇಲೆ ನನಗೆ ಸಿಟ್ಟೇ ಬರುತ್ತಿತ್ತು.

ಕಂಪನಿಯ ಮಾಲೀಕರು ಶರಣಪ್ಪನವರು, ಕಲಬುರಗಿಯವರು. ನಾನು ಬೀದರ್ ಜಿಲ್ಲೆಯವಳು. ಉಳಿದ ನಾಲ್ವರು ಮರಾಠಿಯವರು. ನಾವು ಮಾಡುತ್ತಿದ್ದ ಕೆಲಸ ಸರಳವಾಗಿ ಹೇಳಬೇಕೆಂದರೆ ಇಷ್ಟು: ಕಾರ್ಖಾನೆಯಲ್ಲಿ ಬೇರಿಂಗಿನ ಉಂಗುರಗಳು ಪಟ್ಟೆಯ ಮೇಲೆ ಸಾಲಾಗಿ ಬರುತ್ತವೆ, ಕ್ಯಾಮೆರಾ ಒಂದೊಂದರ ಫೋಟೋ ತೆಗೆಯುತ್ತದೆ, ನಮ್ಮ ಪ್ರೋಗ್ರಾಮು ಆ ಫೋಟೋದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿಯುತ್ತದೆ. ಐದು ವರ್ಷದಿಂದ ಅದರ ಮುಖ್ಯ ಭಾಗ ಬರೆದು ಕಾಪಾಡಿಕೊಂಡು ಬಂದವಳು ನಾನು.

ಆ ಜನವರಿಯಲ್ಲಿ ಸಂಭಾಜಿನಗರದ ಒಂದು ದೊಡ್ಡ ಕಾರ್ಖಾನೆ ನಮ್ಮ ಪ್ರೋಗ್ರಾಮು ಬೇಕೆಂದು ಕೇಳಿತು. ಏಪ್ರಿಲ್‌ನಲ್ಲಿ ಅವರ ಮುಂದೆ ನಡೆಸಿ ತೋರಿಸಬೇಕು. ಒಪ್ಪಿದರೆ ಶರಣಪ್ಪನವರು ಅಲ್ಲೊಂದು ಸಣ್ಣ ಆಫೀಸು ತೆರೆದು, ಇಲ್ಲಿಂದ ಒಬ್ಬರನ್ನು ಕಳಿಸುವವರಿದ್ದರು. ಆ ಒಬ್ಬಳು ನಾನಾಗಬೇಕಿತ್ತು. ಬಸವರಾಜ ಸಂಭಾಜಿನಗರದಲ್ಲಿ ಔಷಧಿ ಕಾರ್ಖಾನೆಯಲ್ಲಿದ್ದರು. ಐದು ವರ್ಷದ ಮುಕ್ತಾ ಅಲ್ಲೇ ಅತ್ತೆಯವರ ಹತ್ತಿರ ಬೆಳೆಯುತ್ತಿದ್ದಳು. ನಾನು ನಾಸಿಕದಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ. ಶನಿವಾರ ಮಧ್ಯಾಹ್ನ ಎಸ್‌ಟಿ ಬಸ್ಸು ಹತ್ತಿ, ಯೇವಲಾ ದಾಟಿ, ವೈಜಾಪುರ ದಾಟಿ ಮನೆ ಮುಟ್ಟಿದರೆ, ಭಾನುವಾರ ಸಂಜೆಗೆ ಮತ್ತೆ ಅದೇ ಬಸ್ಸು. ಮರಾಠಿ ಓಣಿಯಲ್ಲಿ ಬೆಳೆದ ಮುಕ್ತಾ ಅತ್ತೆಯವರನ್ನು ‘ಆಯಿ’, ಅಂದರೆ ಅಮ್ಮ, ಎನ್ನುತ್ತಿದ್ದಳು, ನನ್ನನ್ನು ‘ಸುವರ್ಣಾ ಆಯಿ’. ಎಲ್ಲರೂ ನಗುತ್ತಿದ್ದರು. ಹೆತ್ತವಳಿಗೆ ಹೆಸರು ಸೇರಿಸಿ ಕರೆಯುವುದು ನಗುವ ಮಾತೇ?

ಫೆಬ್ರವರಿಯ ಮೊದಲ ವಾರ ವಿದ್ಯಾ ಒಂದು ಪವಾಡ ಮಾಡಿದಳು. ಹೊಸ ಪ್ರೊಸೆಸರುಗಳಿಗೆ ಕೆಲವು ವಿಶೇಷ ಆಜ್ಞೆಗಳು ಬರುತ್ತವೆ. ಮಾಮೂಲಿ ಆಜ್ಞೆ ಒಂದೊಂದೇ ಸಂಖ್ಯೆ ಎತ್ತಿಕೊಂಡು ಲೆಕ್ಕ ಮಾಡಿದರೆ, ಇವು ಎಂಟೆಂಟು ಸಂಖ್ಯೆಗಳನ್ನು ಒಂದೇ ಏಟಿಗೆ ಮಾಡಿ ಮುಗಿಸುತ್ತವೆ. ನಾನು ಐದು ವರ್ಷ ತೀಡಿ ತಿದ್ದಿದ ಕೋಡನ್ನು ಅವಳು ಆ ಆಜ್ಞೆಗಳಲ್ಲಿ ಹದಿನೈದೇ ದಿನದಲ್ಲಿ ಹೊಸದಾಗಿ ಬರೆದಳು. ಶರಣಪ್ಪನವರು ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡು ನೋಡುತ್ತ ನಿಂತಿದ್ದರು.

"ಏ ಸುವರ್ಣಾ, ಇಲ್ ಬಾ ತಂಗಿ. ಈ ಪೋರಿ ಏನ್ ಮಾಡ್ಯಾಳ ನೋಡಿಲ್ಲಿ! ನಾ ಚಾ ಊದಿ ಬಾಯಿಗಿಡೂದ್ರಾಗ ಸಾವಿರ ಫೋಟೋ ಮುಗದು ಹೋದ್ವು!"

"ಛಲೋ ಅದರಿ ಸರ್" ಎಂದೆ. ಮುಖದಲ್ಲಿ ನಗು ತಂದುಕೊಂಡೆ. ಕೆಳಗೆ ಹೋಗಿ ದ್ರಾಕ್ಷಿ ಪೆಟ್ಟಿಗೆಗಳ ಹಿಂದೆ ನಿಂತು ಹಲ್ಲು ಕಡಿದೆ.

ಶರಣಪ್ಪನವರು ನನಗೆ ಬೇರೆ ಕೆಲಸ ಕೊಟ್ಟರು. ಕಾರ್ಖಾನೆಯಲ್ಲಿ ಹತ್ತಾರು ಕಂಪ್ಯೂಟರು, ಹೊಸವು, ಹಳೆಯವು, ಎಲ್ಲ ಬೆರಕೆ. ಆ ವಿಶೇಷ ಆಜ್ಞೆಗಳು ಬಾರದ ಪ್ರೊಸೆಸರಿಗೆ ಅವನ್ನು ಕೊಟ್ಟರೆ ಪ್ರೋಗ್ರಾಮು ಆ ಕ್ಷಣಕ್ಕೇ ಸತ್ತು ಬೀಳುತ್ತದೆ. ಅದಕ್ಕೆ ಶುರುವಿನಲ್ಲೇ ಪ್ರೊಸೆಸರನ್ನು ಕೇಳಬೇಕು: ನಿನಗೆ ಏನೇನು ಬರುತ್ತದೆ? ಅದು ಸೊನ್ನೆ, ಒಂದುಗಳ ಒಂದು ಸಾಲು ಕೊಡುತ್ತದೆ. ಇಂಥ ಜಾಗದಲ್ಲಿ ಒಂದು ಇದ್ದರೆ ಇಂಥದ್ದು ಬರುತ್ತದೆ, ಸೊನ್ನೆ ಇದ್ದರೆ ಬರುವುದಿಲ್ಲ. ಬಂದರೆ ವಿದ್ಯಾಳ ವೇಗದ ದಾರಿ, ಬಾರದಿದ್ದರೆ ನನ್ನ ಹಳೆಯ ನಿಧಾನದ ದಾರಿ. ಅಂದರೆ ಅವಳು ಮದುಮಗಳು, ನಾನು ಬಾಗಿಲಲ್ಲಿ ನಿಂತು ಬಂದವರನ್ನು ವಿಚಾರಿಸುವವಳು!

ಇದರಲ್ಲಿ ಇನ್ನೊಂದು ಮರ್ಮವಿದೆ. ಪ್ರೊಸೆಸರ್ ಬರುತ್ತದೆ ಎಂದರಷ್ಟೇ ಸಾಲದು. ಅದನ್ನು ಬಳಸಲು ಆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮೂ ಅನುಮತಿ ಕೊಟ್ಟಿರಬೇಕು. ಸಿಸ್ಟಮ್ ಹಳೆಯದಾಗಿದ್ದರೆ ಪ್ರೊಸೆಸರ್ ಎಷ್ಟೇ ಜಾಣನಿದ್ದರೂ ಉಪಯೋಗವಿಲ್ಲ, ಆಜ್ಞೆ ಕೊಟ್ಟರೆ ಪ್ರೋಗ್ರಾಮು ಸಾಯುವುದೇ. ಹಾಗಾಗಿ ನಾನು ಎರಡು ಫಂಕ್ಷನ್ ಬರೆದೆ. ಮೊದಲನೆಯದು ಪ್ರೊಸೆಸರನ್ನು ಮಾತ್ರ ಕೇಳುತ್ತದೆ. ಎರಡನೆಯದು ಇಬ್ಬರನ್ನೂ ಕೇಳಿ, ಇಬ್ಬರೂ ಹೂಂ ಅಂದರೆ ಮಾತ್ರ ಮುಂದಕ್ಕೆ ಬಿಡುತ್ತದೆ.

ಹೆಸರಿಡುವ ವಿಷಯದಲ್ಲಿ ಶರಣಪ್ಪನವರದು ಒಂದು ಪದ್ಧತಿ. "ನಮ್ಮ ಕೋಡಿನಾಗ ನಮ್ಮ ಮಾತ ಇರ್ಲಿ. ಗಿರಾಕಿ ಏನ್ ಒಳಗ ಬಂದು ನೋಡ್ತಾನೇನು?" ಎನ್ನುತ್ತಿದ್ದರು. ಅದಕ್ಕೆ ಮೊದಲನೆಯದಕ್ಕೆ ‘ಅದ’ ಎಂದು ಹೆಸರಿಟ್ಟೆ, ನಮ್ಮ ಕಡೆ ‘ಇದೆ’ ಅನ್ನುವುದಕ್ಕೆ ಹೇಳುವಂತೆ. ಎರಡನೆಯದಕ್ಕೆ ‘ನಡಿ’. ಹಸಿರು ದೀಪ ಬಿದ್ದಾಗ ಹಿಂದಿನಿಂದ ಅನ್ನುತ್ತೇವಲ್ಲ, ನಡಿ ನಡಿ, ಆ ನಡಿ. ಆದರೆ ಕೋಡಿನಲ್ಲಿ ಬರೆಯುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಎನ್, ಎ, ಡಿ, ಐ. ಪಕ್ಕದಲ್ಲಿ ವಿವರಣೆಯ ಒಂದು ಸಾಲು ಬರೆಯಬೇಕಿತ್ತು. ಬೇಜಾರಿನಲ್ಲಿದ್ದೆ, ಬರೆಯಲಿಲ್ಲ.

ಫೆಬ್ರವರಿ ನಡುವಿನಲ್ಲಿ ಒಂದು ದಿನ ಕಾರ್ಖಾನೆಗೆ ಹೋಗಿ ಎಲ್ಲ ಕಂಪ್ಯೂಟರುಗಳ ಪಟ್ಟಿ ಮಾಡಿಕೊಂಡು ಬಂದೆ. ಮೂರನೆಯ ಸಾಲಿನಲ್ಲಿದ್ದ ಒಂದನ್ನು ನೋಡಿ ನಿಂತೆ. ಒಳಗಿನ ಬೋರ್ಡು ಸುಟ್ಟು ಹೋಗಿ ಹೊಸ ಪ್ರೊಸೆಸರ್ ಹಾಕಿದ್ದರು, ಆದರೆ ಯಂತ್ರ ನಡೆಸುವ ಕಾರ್ಡು ಹಳೆಯ ಸಿಸ್ಟಮ್ಮಿನಲ್ಲಿ ಮಾತ್ರ ನಡೆಯುತ್ತದೆಂದು ಹಳೆಯ ಸಿಸ್ಟಮ್ಮನ್ನೇ ಉಳಿಸಿಕೊಂಡಿದ್ದರು. ಇದು ‘ಅದ’ಕ್ಕೆ ಹೂಂ ಅನ್ನುತ್ತದೆ, ‘ನಡಿ’ಗೆ ಊಹೂಂ ಅನ್ನುತ್ತದೆ ಎಂದು ಅಲ್ಲೇ ಗೊತ್ತಾಯಿತು. ಆಫೀಸಿಗೆ ಕೊಟ್ಟ ಪಟ್ಟಿಯಲ್ಲಿ ಪ್ರೊಸೆಸರುಗಳ ಹೆಸರು ಮಾತ್ರ ಕೇಳಿದ್ದರು, ಅಷ್ಟೇ ಕೊಟ್ಟೆ. ಎರಡನೆಯ ಫಂಕ್ಷನ್ ಇದೆಯಲ್ಲ, ಅದು ನೋಡಿಕೊಳ್ಳುತ್ತದೆ ಎಂದುಕೊಂಡೆ. ಆಗ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅದಾದ ಮೇಲಿನ ಗುರುವಾರ ಮಧ್ಯಾಹ್ನ ವಿದ್ಯಾ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತಳು. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡಿ ಒಪ್ಪಬೇಕೆಂಬುದು ಆಫೀಸಿನ ನಿಯಮ.

"ಅಕ್ಕ, ಒಮ್ಮೆ ನೋಡಿ. ಎಲ್ಲ ಸರಿ ಉಂಟಾ ಅಂತ."

ನೋಡುತ್ತ ಹೋದೆ. ಎಷ್ಟು ಚೆಂದ ಬರೆದಿದ್ದಳು! ಒಂದು ಸಾಲು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಾನು ಬರೆಯಬೇಕಾದದ್ದನ್ನು ನನಗಿಂತ ಚೆನ್ನಾಗಿ ಬರೆದು ನನಗೇ ತೋರಿಸುತ್ತಿದ್ದಾಳೆ ಅನಿಸಿ ಹೊಟ್ಟೆಯಲ್ಲಿ ಕೆಂಡ ಹಾಕಿದ ಹಾಗಾಯಿತು. ಕೊನೆಗೆ ಶುರುವಿನ ಭಾಗಕ್ಕೆ ಬಂದೆ. ಅಲ್ಲಿ ‘ಅದ’ ಮಾತ್ರ ಕೇಳಿದ್ದಳು. ‘ನಡಿ’ ಇರಲಿಲ್ಲ.

"ಇನ್ನೊಂದು ಫಂಕ್ಷನ್ ಅದ ಅಲ್ಲ?" ಎಂದೆ.

"ಆ ನಾಡಿಯಾ? ಅದನ್ನು ಕಡೆಗೆ ಹಾಕ್ತೇನೆ ಅಕ್ಕ. ಪ್ರೋಗ್ರಾಮು ಜೀವಂತ ಉಂಟಾ ಇಲ್ವಾ ಅಂತ ನೋಡುದು ತಾನೆ? ಶುರುವಿಗೆ ಎಂತಕ್ಕೆ?"

ನನಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ತಿಳಿಯಿತು. ದಿನವಿಡೀ ನಡೆಯುವ ಪ್ರೋಗ್ರಾಮುಗಳಿಗೆ ಆಗಾಗ ಬದುಕಿದ್ದೀಯಾ ಎಂದು ಕೇಳುವ ಒಂದು ಪರೀಕ್ಷೆ ಇಡುವುದುಂಟು. ಹಾರ್ಟ್‌ಬೀಟ್ ಎನ್ನುತ್ತಾರೆ. ಇವಳು ನನ್ನ ‘ನಡಿ’ಯನ್ನು ‘ನಾಡಿ’ ಎಂದು ಓದಿದ್ದಳು, ಕೈ ಹಿಡಿದು ನೋಡುವ ನಾಡಿ! ಕರಾವಳಿಯ ಮನೆಯಲ್ಲಿ ಯಾರೂ ಹಾಗೆ ನಡಿ ನಡಿ ಎಂದು ಕೂಗುವುದಿಲ್ಲವೇನೋ. ತೆರೆದು ನೋಡಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಾನು ಬರೆದದ್ದನ್ನು ತೆರೆದು ನೋಡುವ ಅಗತ್ಯವಿಲ್ಲವೆಂಬ ನಂಬಿಕೆ ಅವಳಿಗೆ.

ಬಾಯಿ ತೆರೆದೆ. ಅದು ನಾಡಿ ಅಲ್ಲ ಕಣೇ, ನಡಿ. ಇಷ್ಟೇ ಮಾತು, ಹೇಳಿ ಇಬ್ಬರೂ ಬಿದ್ದು ಬಿದ್ದು ನಗಬಹುದಿತ್ತು. ಅಷ್ಟರಲ್ಲಿ ಶರಣಪ್ಪನವರು ಕೋಣೆಯಿಂದ ಕೂಗಿದರು: "ವಿದ್ಯಾ, ನಿಂದು ಮುಗೀತೇನವ್ವಾ? ಸಂಭಾಜಿನಗರಕ್ಕ ನಿನ್ನ ಮನಿ ನೋಡ್ಲಿಕ್ಕ ಹೇಳ್ಲೇನು?" ಚೇಷ್ಟೆಗೆ ಅಂದರೋ, ನಿಜಕ್ಕೇ ಅಂದರೋ, ಅವರನ್ನೇ ಕೇಳಬೇಕು. ವಿದ್ಯಾ ನಾಚಿ ನಕ್ಕಳು.

"ಸರಿ ಅದ" ಎಂದೆ. ಒಪ್ಪಿಗೆಯ ಗುಂಡಿ ಒತ್ತಿದೆ.

ಶನಿವಾರ ಬಸ್ಸಿನಲ್ಲಿ ಕುಳಿತು, ಮುಕ್ತಾಳ ಸಲುವಾಗಿ ತಾನೆ, ಎಂದು ನನಗೆ ನಾನೇ ಹೇಳಿಕೊಂಡೆ. ಯೇವಲಾದಲ್ಲಿ ಬಸ್ಸು ನಿಂತಾಗ ಮತ್ತೊಮ್ಮೆ ಹೇಳಿಕೊಂಡೆ. ಆಮೇಲಿನ ಎಂಟು ವಾರ ದಿನಾ ಹೇಳಿಕೊಂಡೆ. ಆಫೀಸಿನ ಕಂಪ್ಯೂಟರುಗಳೆಲ್ಲ ಹೊಸವು, ಅವುಗಳಲ್ಲಿ ವಿದ್ಯಾಳ ಪ್ರೋಗ್ರಾಮು ಕುದುರೆಯಂತೆ ಓಡುತ್ತಿತ್ತು. ಯಾವ ಪರೀಕ್ಷೆಯಲ್ಲೂ ತಪ್ಪು ಸಿಗುವಂತಿರಲಿಲ್ಲ. ಹೇಳಲು ನನಗೆ ಎಂಟು ವಾರ ಇತ್ತು ಎಂಬುದನ್ನು ಮರೆಯಬಾರದು.

ಏಪ್ರಿಲ್‌ನಲ್ಲಿ ಶರಣಪ್ಪನವರ ಕಾರಿನಲ್ಲಿ ಮೂವರೂ ಹೊರಟೆವು. ಮಾರನೆಯ ದಿನ ಕಾರ್ಖಾನೆಯಲ್ಲಿ ಪ್ರದರ್ಶನ. ಶರಣಪ್ಪನವರು ಲಾಡ್ಜಿನಲ್ಲಿ ಉಳಿದರು, ವಿದ್ಯಾಳನ್ನು ನಾನು ಮನೆಗೆ ಕರೆದುಕೊಂಡು ಹೋಗಬೇಕಾಯಿತು. ಅಂಥ ಬಿಸಿಲಿನಲ್ಲಿ ನಾಲ್ಕೂವರೆ ತಾಸು ಬಂದರೂ ಆ ಹುಡುಗಿಯ ಮುಖ ಬಾಡಿರಲಿಲ್ಲ. ಬಂದವಳೇ ಅತ್ತೆಯವರ ಕಾಲಿಗೆ ನಮಸ್ಕಾರ ಮಾಡಿದಳು, ಮುಕ್ತಾಳ ಜೊತೆ ನೆಲದ ಮೇಲೆ ಕುಳಿತು ಕಾಗದದ ಕಪ್ಪೆ ಮಾಡಿ ಹಾರಿಸಿದಳು. ಅರ್ಧ ಗಂಟೆಯಲ್ಲಿ ನನ್ನ ಮಗಳು ಅವಳ ತೊಡೆಯ ಮೇಲೆ.

"ಅಕ್ಕ, ಇವಳಿಗೆ ಕನ್ನಡ ಎಲ್ಲ ಅರ್ಥ ಆಗ್ತದೆ! ಮಾತಾಡ್ಲಿಕ್ಕೆ ಮಾತ್ರ ನಾಚಿಕೆ" ಎಂದಳು. ಮತ್ತೆ ಮುಕ್ತಾಳಿಗೆ, "ಇವರು ಯಾರು ಹೇಳು? ಅಮ್ಮ ಅನ್ನು ನೋಡುವಾ."

"ಅಮ್ಮ" ಎಂದಳು ಮುಕ್ತಾ, ನನ್ನ ಕಡೆ ನೋಡಿ.

ನಾನು ಎರಡು ವರ್ಷದಿಂದ ‘ಅವ್ವ’ ಅನ್ನು, ‘ಅವ್ವ’ ಅನ್ನು ಎಂದು ಬೇಡಿಕೊಂಡಿದ್ದೆ. ಒಲೆಯ ಮುಂದೆ ಹೋಗಿ ನಿಂತೆ. ಬಸವರಾಜ ಹಿಂದೆ ಬಂದು, "ಯಾಕ, ಏನಾಯ್ತು?" ಎಂದರು. "ಏನಿಲ್ರಿ, ಹೊಗಿ" ಎಂದೆ. ಗ್ಯಾಸಿನ ಒಲೆಯಲ್ಲಿ ಎಲ್ಲಿಯ ಹೊಗೆ!

ಮರುದಿನ ಬೆಳಿಗ್ಗೆ ಕಾರ್ಖಾನೆಯ ಏಳೆಂಟು ಮಂದಿ ಸುತ್ತ ನಿಂತಿದ್ದರು. ಮೊದಲ ಸಾಲಿನಲ್ಲಿ ಪ್ರೋಗ್ರಾಮು ಓಡಿತು. ಎರಡನೆಯದರಲ್ಲೂ ಓಡಿತು. ಅವರ ಮುಖ್ಯಸ್ಥರು ತಲೆದೂಗಿದರು, ಶರಣಪ್ಪನವರ ಎದೆ ಅಂಗಿಯೊಳಗೆ ಹಿಡಿಸದಾಯಿತು. ಮೂರನೆಯ ಸಾಲಿನ ಮುಂದೆ ವಿದ್ಯಾ ಕುಳಿತು ಗುಂಡಿ ಒತ್ತಿದಳು. ಪ್ರೋಗ್ರಾಮಿನ ಕಿಟಕಿ ತೆರೆಯಿತು, ಮುಚ್ಚಿತು. ಮತ್ತೆ ಒತ್ತಿದಳು. ತೆರೆಯಿತು, ಮುಚ್ಚಿತು. ಅಸಿಂಧು ಆಜ್ಞೆ ಎಂಬರ್ಥದ ಎರಡು ಪದ ಪರದೆಯ ಮೇಲೆ ಬಿತ್ತು. ಅವಳ ಕಿವಿ ಕೆಂಪಾಯಿತು. "ಪ್ರೊಸೆಸರ್ ಹೊಸತೇ ಉಂಟಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು. ಹಿಂದೆ ಯಾರೋ ಮರಾಠಿಯಲ್ಲಿ ಏನೋ ಅಂದು ನಕ್ಕರು.

ಖುಷಿಯಾಯಿತೇ? ಆಯಿತು. ಸುಳ್ಳು ಯಾಕೆ ಹೇಳಲಿ? ಮೈಯೆಲ್ಲ ತಂಪಾಯಿತು.

"ಸರಿ, ನಾ ನೋಡ್ತೀನಿ" ಎಂದು ಅವಳನ್ನು ಎಬ್ಬಿಸಿ ಕುಳಿತೆ. ಏನು ಮಾಡಬೇಕೆಂದು ಎಂಟು ವಾರದಿಂದ ಗೊತ್ತಿದ್ದವಳು ಬೇಕೆಂದೇ ಹತ್ತು ನಿಮಿಷ ಅಲ್ಲಿ ಇಲ್ಲಿ ಹುಡುಕಿದೆ. ಆಮೇಲೆ ‘ಅದ’ ಅಳಿಸಿ ‘ನಡಿ’ ಬರೆದೆ. ಹಿಂದೆ ನಿಂತು ನೋಡುತ್ತಿದ್ದ ವಿದ್ಯಾ, "ಓ, ನಡಿಯಾ ಅದು!" ಎಂದಳು. ಪ್ರೋಗ್ರಾಮು ನನ್ನ ನಿಧಾನದ ದಾರಿ ಹಿಡಿದು ನಡೆಯಿತು. ಆ ಸಾಲೇ ನಿಧಾನದ್ದು, ಅದಕ್ಕೆ ಅಷ್ಟು ವೇಗ ಸಾಕಾಗಿತ್ತು. ಮುಖ್ಯಸ್ಥರು ನನ್ನ ಕೈ ಕುಲುಕಿದರು.

ಹೊರಗೆ ಬೇವಿನ ಮರದ ಕೆಳಗೆ ಶರಣಪ್ಪನವರು ಸಿಡಿದರು.

"ಮಾನ ಹೋಗೂದು ಒಂದು ಕೂದಲದಾಗ ಉಳೀತು. ಏನಾಗಿತ್ತದು? ಕೋಡ್ ನೋಡಿ ಒಪ್ಪಿದವ್ರು ಯಾರು?"

ನಾನು ಹೇಳುವ ಮೊದಲೇ ವಿದ್ಯಾ ಮುಂದೆ ಬಂದಳು.

"ತಪ್ಪು ನಂದೇ ಸರ್. ಅಕ್ಕ ‘ನಡಿ’ ಅಂತ ಬರೆದದ್ದನ್ನು ನಾನು ನಾಡಿ ಅಂತ ಓದಿದೆ. ಅಕ್ಕ ಕೇಳಿದ್ರು, ನಾನೇ ಆಮೇಲೆ ಹಾಕ್ತೇನೆ ಅಂದೆ. ಅವರಿಗೆ ಸರಿ ನೋಡ್ಲಿಕ್ಕೆ ಸಮಯ ಕೊಡ್ಲಿಲ್ಲ."

ಶರಣಪ್ಪನವರು ಅವಳನ್ನೇ ನೋಡಿದರು, ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. "ನಾಡಿ! ಏನ್ ವೈದ್ಯ ಆಗ್ತೀ ಏನ್ ನೀ?" ಅವಳೂ ನಕ್ಕಳು. ನಾಸಿಕಕ್ಕೆ ಹೋದ ಮೇಲೆ ತಾನೇ ಆ ಕಥೆಯನ್ನು ಎಲ್ಲರಿಗೂ ಅಭಿನಯಿಸಿ ತೋರಿಸಿದಳು, ಕೀಬೋರ್ಡಿನ ಮಣಿಕಟ್ಟು ಹಿಡಿದು ನಾಡಿ ನೋಡುವ ಹಾಗೆ. ಅವಳು ಅತ್ತಿದ್ದರೆ, ಮುಖ ಊದಿಸಿಕೊಂಡು ಕೂತಿದ್ದರೆ ನನ್ನ ಹೊಟ್ಟೆಯ ಉರಿ ಅಂದೇ ಆರುತ್ತಿತ್ತೋ ಏನೋ. ಸೋತ ಮೇಲೂ ಆಫೀಸಿಗೆ ಅವಳೇ ಮುದ್ದು. ಸೋಲುವುದೂ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು.

ಕಾರ್ಖಾನೆಯವರು ಒಪ್ಪಿದರು. ಸಂಭಾಜಿನಗರದ ಆಫೀಸು ನನಗೆ ಬಂತು. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲ ವಾರವೇ ಕೋಣೆ ಖಾಲಿ ಮಾಡಿದೆ. ಮಳೆ ಇನ್ನೂ ಹಿಡಿದಿರಲಿಲ್ಲ, ಮೋಡ ಮಾತ್ರ ಕಟ್ಟಿತ್ತು. ಬಸ್‌ಸ್ಟ್ಯಾಂಡಿಗೆ ಬಿಡಲು ವಿದ್ಯಾ ಸ್ಕೂಟಿಯಲ್ಲಿ ಬಂದಳು, ಮುಕ್ತಾಳಿಗೆಂದು ಅಪ್ಪನ ಹೋಟೆಲಿನ ಮೈಸೂರುಪಾಕಿನ ಒಂದು ಡಬ್ಬಿ ಹಿಡಿದುಕೊಂಡು. ಸಾಮಾನು ಮೇಲೆ ಹಾಕಿಸಿ, ನಾನು ಕಿಟಕಿಯ ಪಕ್ಕ ಕುಳಿತ ಮೇಲೆ, ಕೆಳಗೆ ನಿಂತೇ ಮಾತಾಡಿದಳು.

"ಅಕ್ಕ, ಒಂದು ಕೇಳ್ತೇನೆ. ಸಿಟ್ಟು ಮಾಡ್ಬಾರದು. ನಾನು ನಾಡಿ ಅಂದ ದಿನವೇ ನಿಮಗೆ ಗೊತ್ತಾಗಿತ್ತು ಅಲ್ವಾ?"

ಕಂಡಕ್ಟರು ಸೀಟು ಎಣಿಸುತ್ತಿದ್ದ. ನಾನು ಡಬ್ಬಿಯ ಮುಚ್ಚಳ ಒತ್ತುತ್ತ ಕುಳಿತೆ. ಇಲ್ಲ ಎನ್ನಬಹುದಿತ್ತು. ಅವಳ ಕಣ್ಣು ನೋಡಿ ಅನ್ನಲಾಗಲಿಲ್ಲ.

"ಕಾರ್ಖಾನೆಯಲ್ಲೇ ಅನಿಸಿತು ನಂಗೆ. ನೀವು ಹುಡುಕ್ತಾ ಇದ್ದದ್ದು ನೋಡಿ. ನೀವು ಅಷ್ಟೆಲ್ಲ ಹುಡುಕುವವರಲ್ಲ" ಎಂದಳು. ದನಿಯಲ್ಲಿ ಬಿಸಿ ಇರಲಿಲ್ಲ. "ಯಾರಿಗೂ ಹೇಳ್ಲಿಲ್ಲ. ಮನೆಗೆ ಬಂದಾಗ ಮುಕ್ತಾಳನ್ನು ನೋಡಿದ್ದೆನಲ್ಲ. ಮಗುವಿಗೋಸ್ಕರ ಮಾಡಿದ್ರಿ ನೀವು, ಅಲ್ವಾ? ನಾನಿದ್ರೂ ಅದನ್ನೇ ಮಾಡ್ತಿದ್ದೆ ಅಕ್ಕ. ನಂಗೆ ಬೇಜಾರಿಲ್ಲ."

"ಹೂಂ ವಿದ್ಯಾ. ಮುಕ್ತಾನ ಸಲುವಾಗಿನೇ" ಎಂದೆ.

ಅವಳು ಕಿಟಕಿಯೊಳಗೆ ಕೈ ಹಾಕಿ ನನ್ನ ಕೈ ಒತ್ತಿದಳು. ಬಸ್ಸು ಹೊರಟಿತು.

ಆ ಗುರುವಾರ ಮಧ್ಯಾಹ್ನ, ಬಾಯಿ ತೆರೆದು ಮುಚ್ಚಿದೆನಲ್ಲ, ಆ ಗಳಿಗೆಯಲ್ಲಿ ಮುಕ್ತಾ ನನ್ನ ನೆನಪಿನಲ್ಲೇ ಇರಲಿಲ್ಲ. ಇವಳು ಎಲ್ಲರ ಮುಂದೆ ಬೀಳಬೇಕು, ನಾನು ನಿಂತು ನೋಡಬೇಕು, ಅಷ್ಟೇ ಇತ್ತು.